ನಾನು ತೊಳೆದ ಬಾಟಲಿ

ನಮ್ಮ ಮನೆಗೆ ಹೊರಗಿನಿಂದ ಏನೇ ಬರಲಿ, ನಾನು ಮೊದಲು ತೊಳೆಯುತ್ತೇನೆ. ಬಾಳೆಹಣ್ಣು, ತೆಂಗಿನಕಾಯಿ, ಹಾಲಿನ ಪಾಕೀಟು, ಸಂತೆಯಿಂದ ತಂದ ಹೊಸ ಪಾತ್ರೆ. ಪಾತ್ರೆಯಾದರೆ ಸಾಬೂನು ಹಚ್ಚಿ ತಿಕ್ಕಿ, ಬಿಸಿನೀರಿನಲ್ಲಿ ಜಾಲಿಸಿ, ಮೂರು ಬೆರಳಿನಿಂದ ವಿಭೂತಿ ಎಳೆದು ಆಮೇಲೆ ಒಲೆಯ ಮೇಲಿಡುವುದು. ಚಿಂಚೋಳಿಯ ತವರಿನಲ್ಲಿ ಅವ್ವ ಹೀಗೆ ಮಾಡುತ್ತಿದ್ದಳು. ಶಹಾಬಾದಕ್ಕೆ ಸೊಸೆಯಾಗಿ ಬಂದ ಮೇಲೆ ನಾನೂ ಬಿಡಲಿಲ್ಲ. ಇದರಿಂದ ಯಾರಿಗೂ ಕೆಟ್ಟದ್ದಾಗಿಲ್ಲ ಎಂದೇ ನಂಬಿದ್ದೆ. ಒಂದು ಬಾಟಲಿಯಿಂದ ಆಯಿತು. ಅದನ್ನು ಬರೆಯಲು ಇಷ್ಟು ದಿನ ಧೈರ್ಯ ಬರಲಿಲ್ಲ.

ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಆ ಆರು ವರ್ಷವೂ ದವಾಖಾನೆ ನೋಡಿದವಳು ನಾನೊಬ್ಬಳೇ. ರಕ್ತ ಕೊಟ್ಟೆ, ಸ್ಕ್ಯಾನಿಂಗ್ ಮಾಡಿಸಿದೆ, ಗರ್ಭದ ನಳಿಗೆಯಲ್ಲಿ ಬಣ್ಣದ ಔಷಧ ಬಿಟ್ಟು ನೋಡುವ ಪರೀಕ್ಷೆಗೆ ಹಲ್ಲು ಕಚ್ಚಿ ಮಲಗಿದೆ. ಅತ್ತೆ ತಮ್ಮ ತವರಾದ ಗುಂಡಗುರ್ತಿಯಿಂದ ಏನೇನೋ ಬೇರು ತಂದು ಕುದಿಸಿ ಕುಡಿಸಿದರು. ಸೋಮವಾರ ಮಾಡಿದೆ, ಶ್ರಾವಣ ಪೂರ್ತಿ ಒಪ್ಪತ್ತು ಮಾಡಿದೆ. ಕಲಬುರಗಿಯ ದವಾಖಾನೆಯಲ್ಲಿ ಪ್ರತಿ ಸಲ ಒಂದೇ ಮಾತು: "ನಿಮ್ದೆಲ್ಲಾ ಬರೋಬರಿ ಅದ ತಂಗಿ. ಯಜಮಾನ್ರನ್ನ ಕರ್ಕೊಂಡು ಬರ್ರಿ." ಪ್ರತಿ ಸಲ ನಾನು ಮನೆಗೆ ಬಂದು ಅದನ್ನೇ ಹೇಳುವುದು, ಅತ್ತೆ ಪ್ರತಿ ಸಲ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ನನ್ನನ್ನು ನೋಡುವುದು.

"ನನ್ನ ಮಗನಿಗೇನಾಗ್ಯಾದ? ಕುಂತ್ರ ಐದು ರೊಟ್ಟಿ ತಿಂತಾನ. ಹಮಾಲ ಬರ್ಲಿಲ್ಲಂದ್ರ ತಾನೇ ಕಲ್ಲು ಎತ್ತಿ ಲಾರಿಗಿ ಹಾಕ್ತಾನ. ಮೀಸಿ ನೋಡು ಹೆಂಗ ಅದ!"

"ಅತ್ತಿ, ಮೀಸಿಗೂ ಇದಕ್ಕೂ ಏನು ಸಂಬಂಧ ಅದರಿ?"

"ನಿನಗ ತಿಳಿಯಂಗಿಲ್ಲ, ಸುಮ್ಕಿರು. ನಮ್ಮ ಮನಿತನದಾಗ ಗಂಡಸ್ರಿಗಿ ಇಂಥಾದ್ದು ಎಂದೂ ಆಗಿಲ್ಲ."

ನನ್ನ ಗಂಡ ಲಾರಿ ನಡೆಸುತ್ತಾರೆ. ಶಹಾಬಾದದ ಹಾಸುಗಲ್ಲು ಹೇರಿಕೊಂಡು ಸೇಡಂ, ಚಿಂಚೋಳಿ, ಅಲ್ಲಿಂದ ಮುಂದೆ ತೆಲಂಗಾಣ. ಹಳೆಯ ಲಾರಿ. ಎಂಜಿನ್ ಬಿಸಿ ನೇರ ಸೀಟಿನ ಕೆಳಗೇ ಬಡಿಯುತ್ತದೆ. ಬೇಸಿಗೆಯಲ್ಲಿ ಅವರು ಇಳಿದು ಬಂದರೆ ಪ್ಯಾಂಟು ಬೆವರಿಗೆ ತೊಡೆಗಂಟಿರುತ್ತಿತ್ತು. ಬಾಯಲ್ಲಿ ಗುಟ್ಕಾ. ಇವೆರಡೂ ನಮ್ಮ ಕಷ್ಟಕ್ಕೆ ಸಂಬಂಧಪಟ್ಟವು ಎಂದು ಆಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಏಳನೆಯ ವರ್ಷ ಅವರು ಒಪ್ಪಿದರು. ನಾನು ಒಪ್ಪಿಸಿದ್ದಲ್ಲ, ಸೇಡಂನಲ್ಲಿರುವ ನಾದಿನಿಯ ಕುಬಸದ ದಿನ ಒಪ್ಪಿಕೊಂಡರು. ಬಸುರಿಗೆ ಉಡಿ ತುಂಬಲು ಮುತ್ತೈದೆಯರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದರು. ನನ್ನ ಸರದಿ ಬಂದಾಗ ಒಬ್ಬ ಹಿರಿಯಾಕೆ, "ನೀ ಅಡಗಿಮನಿ ನೋಡ್ಕೋ ಹೋಗವ್ವ, ಪಾಯಸ ಹತ್ತಿಗಿತ್ತೀತು" ಎಂದಳು. ಪಾಯಸ ಇಳಿಸಿ ಒಂದು ಗಂಟೆ ಆಗಿತ್ತು. ಬಾಗಿಲಲ್ಲಿ ನಿಂತಿದ್ದ ಇವರು ಅದನ್ನು ಕೇಳಿಸಿಕೊಂಡರು. ವಾಪಸು ಬರುವಾಗ ಚಿತ್ತಾಪುರ ದಾಟುವ ತನಕ ಗಾಡಿ ಜೋರಾಗಿ ಓಡಿಸಿದರು. ಆಮೇಲೆ ಗಾಡಿ ನಿಧಾನ ಮಾಡಿ, "ಸೋಮವಾರ ಹೋಗಮು" ಎಂದರು. ದಿನಾ ಲಿಂಗಪೂಜೆ ಮುಗಿಸಿ ಶಿವ ಕೊಟ್ಟ ಸಣ್ಣ ಸಣ್ಣ ಕರುಣೆಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ಅವತ್ತು ಹೆಬ್ಬೆರಳು ಮಡಚಿದೆ.

ಆದರೆ ಸೋಮವಾರ ಆಗಲಿಲ್ಲ. ಕಲಬುರಗಿಯ ಲ್ಯಾಬಿನಲ್ಲಿ ವೀರ್ಯ ಕೊಡಲು ಸಂಡಾಸಿನ ಪಕ್ಕದ ಒಂದು ಸಣ್ಣ ಖೋಲಿ ಇತ್ತಂತೆ. ಪ್ಲೈವುಡ್ ಬಾಗಿಲು. ಹೊರಗೆ ಬೆಂಚಿನ ಮೇಲೆ ನಾಲ್ಕು ಗಂಡಸರು ಪಾಳಿ ಹಚ್ಚಿ ಕೂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಲ್ಯಾಬಿನವನು ಬಾಗಿಲು ಬಡಿಯುವುದು: "ಆತೇನ್ರಿ? ಹಿಂದ ಜನಾ ಅದಾರ." ಇವರು ಬರಿಗೈಯಲ್ಲಿ ಹೊರಗೆ ಬಂದರು. ಮುಂದಿನ ವಾರ ಮತ್ತೆ ಹೋದರು, ಮತ್ತೆ ಹಾಗೇ ಬಂದರು. "ಪೊಲೀಸ್ ಠಾಣೆದಾಗ ಕುಂದ್ರಿಸಿದಂಗ ಆಗ್ತದ. ಆಗಂಗಿಲ್ಲ ನನ್ನ ಕಡಿಂದ" ಎಂದರು. ಆಗ ಲ್ಯಾಬಿನವನು ಮುಚ್ಚಳದ ಒಂದು ಪ್ಲಾಸ್ಟಿಕ್ ಬಾಟಲಿ ಕೊಟ್ಟು, ಮನೆಯಲ್ಲಿ ತೆಗೆದುಕೊಂಡು ಒಂದು ತಾಸಿನೊಳಗೆ ತರಬೇಕು, ತಣ್ಣಗಾಗಬಾರದು, ಮೈಗೆ ಹತ್ತಿಸಿಕೊಂಡು ಬರಬೇಕು ಎಂದು ಹೇಳಿ ಕಳಿಸಿದ.

ಬಾಟಲಿ ಮನೆಗೆ ಬಂತು. ನಾನು ತೊಳೆದೆ.

ದವಾಖಾನೆಯ ವಸ್ತು, ಯಾರು ಯಾರು ಮುಟ್ಟಿದ್ದಾರೋ ಎಂದುಕೊಂಡು ಬೇರೆ ಪಾತ್ರೆಗಿಂತ ಒಂದು ಸಲ ಹೆಚ್ಚೇ ಸಾಬೂನು ಹಚ್ಚಿದೆ. ಬಿಸಿನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಬೋರಲು ಹಾಕಿದೆ. ಒಣಗಿದ ಮೇಲೆ ಮುಚ್ಚಳಕ್ಕೆ ವಿಭೂತಿ ಹಚ್ಚಿ, "ಬಸವಾ, ಇದರಾಗ ಒಳ್ಳೇದು ಬರ್ಲಪಾ" ಎಂದು ಕಣ್ಣಿಗೊತ್ತಿಕೊಂಡೆ. ಮೂರು ದಿನ ಬಿಟ್ಟು, ಬೆಳಿಗ್ಗೆ ಎಂಟಕ್ಕೆ, ಅತ್ತೆ ಹಾಲು ತರಲು ಹೋದಾಗ ಇವರು ಅದನ್ನು ನನ್ನ ಕೈಗೆ ಕೊಟ್ಟರು. ನನ್ನ ಮುಖ ನೋಡಲಿಲ್ಲ. ನಾನು ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡೆ.

ಅಲ್ಲಿ ನನ್ನ ಇಷ್ಟಲಿಂಗದ ಕರಡಿಗೆ ಇತ್ತು. ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ನನಗೆ ಅದೇ ತಳಮಳ. ಲಿಂಗಕ್ಕೂ ಆ ಬಾಟಲಿಗೂ ನಡುವೆ ಎರಡು ಬೆರಳಿನ ಅಂತರ. ಲಿಂಗ ತೆಗೆದಿಡುವ ಹಾಗಿಲ್ಲ, ಬಾಟಲಿ ಕೈಚೀಲಕ್ಕೆ ಹಾಕುವ ಹಾಗಿಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಮನೆಯವರ ಹೆರಿಗೆಯಲ್ಲಿ, ನನ್ನ ಮುಟ್ಟಿನಲ್ಲಿ ಅದನ್ನು ನಂಬಿ ನಡೆದಿದ್ದೆ. ಇದಕ್ಕೂ ಅದೇ ಎಂದುಕೊಂಡೆ. ಇದರೊಳಗಿರುವುದೂ ಜೀವವೇ ಅಲ್ಲವೇ, ನೀನೇ ಬೆಚ್ಚಗಿಡು ಶಿವನೇ ಎಂದು ಸೆರಗಿನ ಮೇಲಿಂದ ಎರಡನ್ನೂ ಒಂದೇ ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೆ.

ಮರುದಿನ ರಿಪೋರ್ಟು ಬಂತು. ಸಂಖ್ಯೆ ಕಡಿಮೆ ಇದೆ, ಇದ್ದದ್ದರಲ್ಲಿ ಒಂದೂ ಚಲಿಸುತ್ತಿಲ್ಲ. ಎಲ್ಲ ಸತ್ತಿವೆ.

ಡಾಕ್ಟರರು, "ಒಂದು ಸಲದ್ದು ನೋಡಿ ಏನೂ ಹೇಳಾಕ ಬರಂಗಿಲ್ಲ, ಸ್ವಲ್ಪ ದಿನ ಬಿಟ್ಟು ಇನ್ನೊಮ್ಮಿ ಕೊಡ್ರಿ" ಎಂದೇ ಹೇಳಿದರು. ಆ ಮಾತು ಇವರ ಕಿವಿಗೆ ಬೀಳಲೇ ಇಲ್ಲ. ಮನೆಗೆ ಬಂದು ರಿಪೋರ್ಟನ್ನು ಸಣ್ಣದಾಗಿ ಮಡಚಿ ಕಪಾಟಿನ ಕಾಗದದ ಕೆಳಗೆ ಇಟ್ಟರು. "ಅವ್ವನ ಮುಂದ ಹೇಳಬ್ಯಾಡ" ಎಂದರು. ನಾನು ಹೇಳಲಿಲ್ಲ. ಅತ್ತೆ ಮತ್ತೊಂದು ಬೇರು ಕುದಿಸಿ ತಂದರು. ಗುಟುಕು ಗುಟುಕಾಗಿ ಕುಡಿದೆ. ಸಿಟ್ಟು ಎಷ್ಟು ಬಂತೆಂದರೆ ಲೋಟ ಫರಸಿಕಲ್ಲಿನ ನೆಲದ ಮೇಲೆ ಕುಕ್ಕಿದೆ. "ಕಹಿ ಅದೇನು?" ಎಂದು ಅತ್ತೆ ಕೇಳಿದರು. "ಹ್ಞೂಂ ರಿ" ಎಂದೆ.

ಅಲ್ಲಿಂದ ಇವರು ಬೇರೆಯೇ ಮನುಷ್ಯರಾದರು. ದೂರದ ಬಾಡಿಗೆ ಹುಡುಕಿ ಹುಡುಕಿ ಹೋಗುವುದು, ಮನೆಯಲ್ಲಿದ್ದರೆ ಗೋಡೆ ಕಡೆ ಮುಖ ಮಾಡಿ ಮಲಗುವುದು. ಇನ್ನೊಂದು ಟೆಸ್ಟ್ ಎಂದರೆ ತಾಟು ಬಿಟ್ಟು ಏಳುವುದು. ಕೆಲವು ತಿಂಗಳಲ್ಲಿ ಇವರ ಮೈ ತುಂಬಿಕೊಂಡಿತು, ತೋಳು ದಪ್ಪಗಾದವು, ಮುಖದಲ್ಲಿ ಮೊಡವೆ ಎದ್ದವು. ಅತ್ತೆಗೆ ಹಿಗ್ಗು. "ನೋಡು, ನನ್ನ ಮಗಾ ಪೈಲ್ವಾನ ಆಗ್ಯಾನ!"

ಕಾರಣ ನನಗೆ ಸಿಕ್ಕದ್ದು ಬಟ್ಟೆ ತೊಳೆಯುವಾಗ. ಖಾಕಿ ಅಂಗಿಯ ಜೇಬಿನಲ್ಲಿ ಗಾಜಿನ ಸಣ್ಣ ಸೀಸೆ, ಖಾಲಿ. ಕೇಳಿದರೆ ಮೊದಲು ಸೀಸೆ ಕಸಿದುಕೊಳ್ಳಲು ನೋಡಿದರು. ಆಮೇಲೆ ಹೇಳಿದರು: ದೂರದ ಬಾಡಿಗೆಯ ದಾರಿಯಲ್ಲಿ ಢಾಬಾ ಪಕ್ಕಕ್ಕೆ ಒಬ್ಬ ಸೂಜಿ ಮಾಡುವವನಿದ್ದಾನೆ, ಡಿಗ್ರಿ ಬೋರ್ಡು ಏನಿಲ್ಲ, ಡ್ರೈವರುಗಳೆಲ್ಲ ಅವನ ಹತ್ತಿರ ಹೋಗುತ್ತಾರೆ.

"ಏನಂತ ಮಾಡಿಸ್ಕೊಂಡ್ರಿ?"

"ತಾಕತ್ ಸೂಜಿ. ಗಂಡಸ್ತನ ಹೆಚ್ಚಾಗ್ತದ, ಕಮಜೋರಿ ಹೋಗ್ತದ, ಗ್ಯಾರಂಟಿ ಅಂದ."

"ಎಷ್ಟು ದಿನಾತು?"

"ಒಂದು ವರ್ಷದ ಮ್ಯಾಲಾತು. ಸುಮ್ನ ಬಿಡು. ನನ್ನೊಳಗ ಎಲ್ಲಾ ಸತ್ತಾವಂತ ಗೊತ್ತಿದ್ದ ಮ್ಯಾಲ ಸುಮ್ನ ಕುಂದ್ರಾಕ ಆಗ್ತದೇನು?"

ಹೆಂಗಸರಿಗೆ ಬಸ್ಸು ಪುಕ್ಕಟೆಯಾದದ್ದು ನನ್ನ ಪಾಲಿನ ದೊಡ್ಡ ಕರುಣೆ. ಯಾರನ್ನೂ ಏನೂ ಕೇಳಬೇಕಾಗಿಲ್ಲ. ಸೀಸೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಕಪಾಟಿನ ಕಾಗದದ ಕೆಳಗಿನ ರಿಪೋರ್ಟು ತೆಗೆದುಕೊಂಡು, ಒಬ್ಬಳೇ ಕಲಬುರಗಿಗೆ ಹೋದೆ. ಈ ಸಲ ಬೇರೆ ದವಾಖಾನೆ, ಗಂಡಸರ ಈ ತೊಂದರೆಯನ್ನೂ ನೋಡುವ ಒಬ್ಬ ಡಾಕ್ಟರ್ ಬಾಯಿ. ಆಕೆ ಸೀಸೆಯ ಮೇಲಿನದನ್ನು ಓದಿ ತಲೆ ಹಿಡಿದುಕೊಂಡರು.

"ಇದು ಗಂಡಸರ ಹಾರ್ಮೋನ್ ತಂಗಿ. ಹೊರಗಿಂದ ಇದನ್ನ ಸುರುವಿದ್ರ ಮೈ ಏನು ತಿಳ್ಕೊಂತದ, ಸಾಕಷ್ಟು ಅದ, ನಾ ಯಾಕ ಮಾಡ್ಲಿ ಅಂತ. ಬೀಜ ತಯಾರ ಮಾಡೋ ಕೆಲಸಾನೇ ಬಂದ್ ಮಾಡ್ತದ. ತೋಳು ದಪ್ಪ ಆಗ್ತಾವ, ಕೂಸು ಆಗಂಗಿಲ್ಲ. ಮಕ್ಕಳು ಬೇಕನ್ನಾವ್ರು ಮುಟ್ಟಲೇಬಾರದ ಸೂಜಿ ಇದು."

ನನಗೆ ಕೂತಲ್ಲೇ ಮೈ ಉರಿಯಿತು. ಮಕ್ಕಳಿಗಾಗಿ ಮಾಡಿಸಿಕೊಂಡ ಸೂಜಿಯೇ ಮಕ್ಕಳಿಗೆ ಅಡ್ಡ ಬಂದಿತ್ತು. ಇಂಥಾದ್ದನ್ನು ಮಾರುವವನಿಗೆ ಯಾವ ದೇವರ ಭಯ?

ಆಮೇಲೆ ಡಾಕ್ಟರ್ ಬಾಯಿ ಹಳೆಯ ರಿಪೋರ್ಟು ಬಿಡಿಸಿದರು. ಒಂದೂ ಚಲಿಸುತ್ತಿಲ್ಲ ಎಂಬ ಸಾಲಿನ ಮೇಲೆ ಪೆನ್ನು ನಿಲ್ಲಿಸಿ, ಮನೆಯಿಂದ ತಂದದ್ದೇ, ಎಷ್ಟು ಹೊತ್ತಾಗಿತ್ತು, ನಿರೋಧ ಬಳಸಿದ್ದರೇ ಎಂದು ಕೇಳುತ್ತಾ ಹೋದರು. ಕೊನೆಗೆ, "ಬಾಟಲಿ ಏನರೆ ತೊಳದಿದ್ರೇನು?" ಎಂದರು.

ನಾನು ಹೆಮ್ಮೆಯಿಂದಲೇ ಹೇಳಿದೆ. "ತೊಳದಿದ್ದೆನ್ರಿ. ಸಾಬೂನು ಹಚ್ಚಿ, ಬಿಸಿನೀರಾಗ."

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಆ ಬಾಟಲಿ ಮೊದಲೇ ಶುದ್ಧ ಮಾಡಿ ಮುಚ್ಚಿದ್ದಿರುತ್ತದೆ, ಸಾಬೂನಿನ ಅಂಶ ಎಳ್ಳಷ್ಟು ಉಳಿದರೂ ಆ ಜೀವಗಳು ತಡೆಯುವುದಿಲ್ಲ, ಖಚಿತವಾಗಿ ಹೇಳಲು ಆಗದಿದ್ದರೂ ಅದಕ್ಕೇ ಹಾಗಾಗಿರಬಹುದು ಎಂದರು. "ಸಂಖ್ಯೆ ಕಡಿಮಿ ಇದ್ದದ್ದು ಖರೆ ಇರಬಹುದು. ಸತ್ತಿದ್ದವು ಅನ್ನೋದು ನಂಬಾಕ ಬರಂಗಿಲ್ಲ. ಯಜಮಾನ್ರನ್ನ ಕರ್ಕೊಂಡು ಬರ್ರಿ."

ಮತ್ತೆ ಅದೇ ಮಾತು. ಆದರೆ ಈ ಸಲ ಕರೆದುಕೊಂಡು ಬರಬೇಕಾದರೆ ಮೊದಲು ನಾನು ಬಾಯಿ ಬಿಡಬೇಕಿತ್ತು. ನನ್ನ ತಪ್ಪು ಹೇಳದೆ, ಸುಮ್ಮನೆ "ಇನ್ನೊಮ್ಮಿ ಟೆಸ್ಟ್ ಮಾಡ್ಸಮು" ಎಂದರೆ ಅವರು ಜನ್ಮದಲ್ಲಿ ಏಳುವುದಿಲ್ಲ. ಹೇಳಿದರೆ ನನ್ನ ಮುಖ ನೋಡುತ್ತಾರೋ ಇಲ್ಲವೋ. ಅವತ್ತು ಪೂಜೆಗೆ ಕೂತಾಗ ಮಡಚಲು ಒಂದು ಬೆರಳೂ ಏಳಲಿಲ್ಲ. ಮುಚ್ಚಳಕ್ಕೆ ವಿಭೂತಿ ಹಚ್ಚಿದ್ದು ನೆನಪಾಗಿ, ನೀನಾದರೂ ಕೈ ತಡೆಯಬಾರದಿತ್ತೇ ಎಂದು ಶಿವನನ್ನೇ ಬೈದೆ. ಬೈದದ್ದಕ್ಕೆ ಕ್ಷಮೆಯನ್ನೂ ಕೇಳಿಕೊಂಡೆ.

ಮೂರು ದಿನ ಬಿಟ್ಟು ಇವರು ಚಿಂಚೋಳಿಗೆ ಕಲ್ಲು ಇಳಿಸಿ ಮಧ್ಯಾಹ್ನ ಮನೆಗೆ ಬಂದರು. ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕೂತೆ.

"ನಿಮಗೊಂದು ಮಾತು ಹೇಳಬೇಕ್ರಿ. ಆ ಬಾಟಲಿ ನಾ ತೊಳದಿದ್ದೆ."

"ಯಾವ ಬಾಟಲಿ?"

"ಲ್ಯಾಬಿಂದು. ಸಾಬೂನು ಹಚ್ಚಿ ತೊಳದಿದ್ದೆ."

"ತೊಳದ್ರ ಏನಾತು? ನೀ ಏನು ತೊಳಿಯಾಂಗಿಲ್ಲ? ನಾ ಸ್ವಲ್ಪ ಹೊತ್ತು ನಿಂತ್ರ ನನ್ನೂ ತೊಳೀತಿ" ಎಂದು ನಗುತ್ತಲೇ ಇನ್ನೊಂದು ರೊಟ್ಟಿ ಮುರಿದರು.

ಆ ನಗು ನೋಡಿ ನನಗೆ ಇನ್ನೂ ಕಷ್ಟವಾಯಿತು. ತಲೆ ತಗ್ಗಿಸಿ ಎಲ್ಲ ಹೇಳಿದೆ. ಸೀಸೆ ತೋರಿಸಿದ್ದು, ಆ ಸೂಜಿ ಮಾಡಿದ ಕೆಲಸ, ಸಾಬೂನು. "ನಿಮ್ಮೊಳಗ ಸತ್ತಿದ್ದಿಲ್ರಿ. ನನ್ನ ಬಾಟಲಿದಾಗ ಸತ್ತಿರಬೇಕಂತ."

ರೊಟ್ಟಿ ಕೈಯಲ್ಲೇ ಉಳಿಯಿತು. "ಒಂದೂವರೆ ವರ್ಷ" ಎಂದರು. "ಒಂದೂವರೆ ವರ್ಷ ನಾ ಹೆಣದಂಗ ತಿರಗೀನಿ." ಅರ್ಧ ಊಟಕ್ಕೇ ತಾಟಿನಲ್ಲಿ ಕೈ ತೊಳೆದು ಎದ್ದು ಹೋದರು. ನಾನೂ ಏಳೂವರೆ ವರ್ಷ ತಿರುಗಿದ್ದೇನೆ, ಆ ಬೇರಿನ ಕಷಾಯವೆಲ್ಲ ಕುಡಿದವಳು ನಾನು ಎಂದು ಹೇಳಲು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅದು ತಾಳ್ಮೆಯಿಂದಲ್ಲ, ಅವತ್ತು ನನಗೆ ಹೇಳುವ ಹಕ್ಕು ಇರಲಿಲ್ಲ.

ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಸೇಡಂ ಬಾಡಿಗೆ ಮುಗಿಸಿ ಬಂದವರು ಹೊಸ್ತಿಲಲ್ಲೇ ನಿಂತು, "ಆ ಡಾಕ್ಟರ್ ಬಾಯಿ ಯಾವಾಗ ಇರ್ತಾಳ?" ಎಂದರು. "ಇರ್ತಾರ" ಅನ್ನದೆ "ಇರ್ತಾಳ" ಎಂದದ್ದು ಸಿಟ್ಟಿನಿಂದ. ಆದರೂ ಕೇಳಿದರು. ನಾನು ಎರಡು ಬೆರಳು ಮಡಚಿದೆ.

ಕೇಳಿದ ಕೂಡಲೇ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಸೂಜಿಯಿಂದಾಗಿ ಆಗಿನ ಪರೀಕ್ಷೆಯಲ್ಲಿ ಒಂದು ಬೀಜವೂ ಕಾಣಲಿಲ್ಲ. ಮೊದಲು ಸತ್ತವಾದರೂ ಇದ್ದವು, ಈಗ ಅವೂ ಇಲ್ಲ. ಡಾಕ್ಟರ್ ಬಾಯಿ ಮೈ ಪರೀಕ್ಷೆ ಮಾಡಿಸಿ, ಸ್ಕ್ಯಾನಿಂಗ್ ನೋಡಿ, ಎಡಗಡೆಯ ವೃಷಣದ ರಕ್ತನಾಳಗಳು ಉಬ್ಬಿವೆ, ಅಲ್ಲಿ ರಕ್ತ ನಿಂತು ಬಿಸಿ ಹೆಚ್ಚಾಗುತ್ತದೆ ಎಂದರು.

"ದೇವ್ರು ಅದನ್ನ ಹೊಟ್ಟಿ ಒಳಗ ಯಾಕ ಇಟ್ಟಿಲ್ಲ ಹೇಳ್ರಿ? ತಂಪು ಬೇಕು ಅದಕ್ಕ. ಮೊದಲೇ ನರ ಉಬ್ಬ್ಯಾವ, ಮ್ಯಾಲ ಎಂಜಿನ್ ಬಿಸಿ, ಮ್ಯಾಲ ಗುಟ್ಕಾ, ಮ್ಯಾಲ ಈ ಸೂಜಿ. ಎಷ್ಟಂತ ತಡೀತದ?" ಒಬ್ಬೊಬ್ಬರಿಗೆ ಒಂದೊಂದು ಕಾರಣವಂತೆ. ಕೆಲವರಿಗೆ ಹರೆಯದಲ್ಲಿ ಗದ್ದಬಾವು ಬಂದು ಒಳಗೆ ಕೆಟ್ಟಿರುತ್ತದೆ, ಕೆಲವರಿಗೆ ನಳಿಗೆ ಮುಚ್ಚಿರುತ್ತದೆ, ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ, ಎಷ್ಟೋ ಜನರಿಗೆ ಕಾರಣವೇ ಸಿಗುವುದಿಲ್ಲ. ಇವರಿಗೆ ಮೊದಲು ಸೂಜಿ ಬಂದ್, ಗುಟ್ಕಾ ಬಂದ್, ಸಡಿಲ ಬಟ್ಟೆ, ಎರಡು ತಾಸಿಗೊಮ್ಮೆ ಲಾರಿಯಿಂದ ಇಳಿದು ನಡೆಯುವುದು. ಬೀಜ ಹೊಸದಾಗಿ ಆಗಲು ಮೂರು ತಿಂಗಳಾದರೂ ಬೇಕು. ಆಮೇಲೆ ನರದ ಆಪರೇಷನ್. ಅದಕ್ಕೂ ಆಗದಿದ್ದರೆ ಒಳ್ಳೆಯ ಬೀಜವೊಂದನ್ನು ಆರಿಸಿ ಲ್ಯಾಬಿನಲ್ಲೇ ಅಂಡದೊಳಗೆ ಸೇರಿಸುವ ದಾರಿಯೂ ಇದೆ, ಅದು ಕೊನೆಯ ಮಾತು ಎಂದರು.

ಮೂರು ತಿಂಗಳಿಗೆ ನೋಡಿದರೂ ಏನೂ ಇರಲಿಲ್ಲ. ಇವರು ವಾಪಸು ಬಂದು ಗುಟ್ಕಾ ಚೀಟಿ ಹರಿದರು, ನಾನು ಕಸಿದು ಮೋರಿಗೆ ಒಗೆದೆ, ಇಬ್ಬರೂ ಜಗಳಾಡಿದೆವು. ಅತ್ತೆ ನಡುವೆ ಬಂದು ನನ್ನನ್ನೇ ಬೈದರು.

ಆರು ತಿಂಗಳಿಗೆ ಇವರು ಲ್ಯಾಬಿನಿಂದ ಇನ್ನೊಂದು ಬಾಟಲಿ ತಂದು ಗೋಡೆಯಲ್ಲಿ ನನ್ನ ಕೈಗೆಟುಕದ ಮಾಡದಲ್ಲಿ ಇಟ್ಟರು. "ನೋಡು, ಇದನ್ನ ಮುಟ್ಟಬ್ಯಾಡ. ತೊಳೀಬ್ಯಾಡ. ವಿಭೂತಿ ಹಚ್ಚಬ್ಯಾಡ. ಇದರ ಕಡೀ ನೋಡಲೂಬ್ಯಾಡ." ಬಾಟಲಿಯ ಮೇಲೆ ಧೂಳು ಕಾಣುತ್ತಿತ್ತು. ಮೂರು ದಿನ ನನ್ನ ಕೈ ತುರಿಸಿತು.

ಮತ್ತೆ ಬೈಕು, ಮತ್ತೆ ಕುಪ್ಪಸದೊಳಗೆ ಲಿಂಗದ ಪಕ್ಕ ಬಾಟಲಿ. ನಮ್ಮ ಓಣಿ ದಾಟಿದ ಕೂಡಲೇ ರೈಲ್ವೆ ಗೇಟು ಬಿತ್ತು. ವಾಡಿ ಕಡೆಯಿಂದ ಗೂಡ್ಸ್ ಗಾಡಿ, ಡಬ್ಬಿಯ ಮೇಲೆ ಡಬ್ಬಿ, ಮುಗಿಯುವುದೇ ಇಲ್ಲ. ಇವರು ಹ್ಯಾಂಡಲ್ ಗುದ್ದಿದರು. "ಎಷ್ಟೊತ್ತಾತು?" "ಹದಿನೈದು ಮಿನಿಟು." "ಬೆಚ್ಚಗದಾವೇನು?" ಹಿಂದೆ ನಿಂತ ಟಂಟಂ ಆಟೋದವನು, "ಏನ್ ಅಣ್ಣಾ, ಕೋಳಿ ಮರಿ ಒಯ್ಯಾಕತ್ತೀರೇನು?" ಎಂದ. ಇವರು ತಿರುಗಿ ಅವನನ್ನು ನೋಡಿದರು. ಆಮೇಲೆ ನಕ್ಕರು. ಎಷ್ಟೋ ದಿನದ ಮೇಲೆ ಕೇಳಿದ ನಗು.

ಒಂದು ತಾಸಿಗೆ ಇನ್ನೂ ಐದು ನಿಮಿಷ ಇರುವಾಗ ಮುಟ್ಟಿದೆವು. ರಿಪೋರ್ಟು ಬಂದಾಗ ಡಾಕ್ಟರ್ ಬಾಯಿ, "ಭಾಳ ಕಡಿಮಿ ಅವ. ಖರೆ, ಓಡಾಡ್ಲಿಕತ್ತಾವ" ಎಂದರು. ಇವರು ಆ ಕಾಗದವನ್ನು ಮಡಚದೆ ಮನೆಗೆ ತಂದರು.

ಆಪರೇಷನ್ನಿಗೆ ಹೋಗುವ ಮುಂಚೆ ಅತ್ತೆಗೆ ಹೇಳಲೇಬೇಕಾಯಿತು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಇವರೇ ಹೇಳಿದರು.

"ಯವ್ವಾ, ಆಪರೇಷನ್ ನನಗ ಅದ, ಆಕಿಗಲ್ಲ."

"ನಿನಗ ಯಾಕಪಾ? ಆಗಬೇಕಾದ್ದು ಆಕಿಗಲ್ಲೇನು?"

"ಅಲ್ಲ. ಕಡಿಮಿ ಇದ್ದದ್ದು ನನ್ನಾಗ. ಇಷ್ಟು ವರ್ಷ ಸುಮ್ನ ಆಕಿಗಿ ಬೇರು ಕುಡಿಸೀವಿ."

ಅತ್ತೆ ಮೊರ ಕೆಳಗಿಟ್ಟರು. ಮೀಸೆಯ ಮಾತು ತೆಗೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಎದ್ದು ಒಳಗೆ ಹೋಗಿ ಎಲೆಯಡಿಕೆ ಚೀಲ ಹುಡುಕಿದರು. ತಪ್ಪಾಯಿತು ಎಂಬ ಒಂದು ಮಾತು ಈಗ ಬಂದೀತು, ಆಗ ಬಂದೀತು ಎಂದು ನಾನು ಕಾದದ್ದೇ ಕಾದದ್ದು. ಇವತ್ತಿಗೂ ಬಂದಿಲ್ಲ. ಆದರೆ ಬೇರು ಕುದಿಸುವುದು ನಿಂತಿತು.

ಆಪರೇಷನ್ ಆಗಿ ಎರಡು ತಿಂಗಳಾಯಿತು. ಬರುವ ತಿಂಗಳು ಮತ್ತೆ ಪರೀಕ್ಷೆ, ಹೊಸ ಬಾಟಲಿ ಮಾಡದಲ್ಲಿದೆ. ವಿಶ್ರಾಂತಿ ಮುಗಿದು ಇವರು ಮತ್ತೆ ಲಾರಿ ಹತ್ತುವ ಹಿಂದಿನ ದಿನ ಅತ್ತೆ ತಮ್ಮ ಎರಡು ಹಳೆಯ ಇಳಕಲ್ ಸೀರೆ ಹರಿದು, ಒಳಗೆ ಅರಿವೆಯ ಮೇಲೆ ಅರಿವೆ ತುಂಬಿ, ಒತ್ತಾಗಿ ಹೊಲಿಗೆ ಹಾಕಿ, ಡ್ರೈವರ್ ಸೀಟಿನ ಅಳತೆಗೆ ಒಂದು ಕೌದಿ ಹೊಲಿದು ತಂದರು. "ಬಿಸಿ ಹತ್ತಬಾರದಂತಲ್ಲ" ಎಂದು ಮಗನಿಗೆ ಕೊಡದೆ ನನ್ನ ಕೈಗೆ ಕೊಟ್ಟರು.

ಒಂದು ಬಾಡಿಗೆಗೆ ಹೋಗಿ ಬಂದು ಇವರು ನನ್ನ ಕಿವಿಯಲ್ಲಿ, "ಇದರ ಮ್ಯಾಲ ಕುಂತ್ರ ಕೆಳಗ ಒಲಿ ಹಚ್ಚಿದಂಗ ಆಗ್ತದ. ಇದಕ್ಕಿಂತ ಖಾಲಿ ಸೀಟೇ ಛಲೋ. ನೀನೇ ಅವ್ವಗ ಹೇಳು" ಎಂದರು. "ನಾ ಯಾಕ ಹೇಳ್ಲಿ? ನೀವೇ ಹೇಳ್ರಿ" ಎಂದೆ. ಇಬ್ಬರೂ ಹೇಳಲಿಲ್ಲ. ಒಮ್ಮೊಮ್ಮೆ ನನಗೆ ಬೇಸರವಾಗುತ್ತದೆ, ಈ ಮನೆಯಲ್ಲಿ ಒಂದು ಕೆಲಸ ನೆಟ್ಟಗೆ ಆಗುವುದಿಲ್ಲವಲ್ಲ ಎಂದು.

ಹೇಳುವ ಬದಲು, ಪ್ರತಿ ಸಲ ಲಾರಿ ಹೊರಡುವ ಹಿಂದಿನ ದಿನ ನಾನು ಆ ಕೌದಿಯನ್ನು ತೊಳೆದು ಹಾಕುತ್ತೇನೆ. ದಪ್ಪ ಕೌದಿ, ಎಂಥ ಬಿಸಿಲಿದ್ದರೂ ಒಣಗಲು ಎರಡು ದಿನ ಬೇಕು. ಇವರು ಖಾಲಿ ಸೀಟಿನ ಮೇಲೆ ಕೂತು ಹೋಗುತ್ತಾರೆ.

"ಎಷ್ಟಂತ ತೊಳೀತಿಯವ್ವ ನೀ?" ಎನ್ನುತ್ತಾರೆ ಅತ್ತೆ.

"ಮಾಸಿತ್ರಿ ಅತ್ತಿ" ಎನ್ನುತ್ತೇನೆ.